ಕೇಳಿ, ಹೇಳುತ್ತೇವೆ: ವಾರ್ತೆ ಎಲ್ಲಿಂದ, ಗೊರಗೊರ ಎಲ್ಲಿಂದ?

ಪ್ರಶ್ನೆ: ಪಕ್ಕದಲ್ಲೇ ಭದ್ರಾವತಿ ಆಕಾಶವಾಣಿ ಇದ್ದರೂ ಪ್ರದೇಶ ಸಮಾಚಾರ ಬೆಂಗಳೂರಿನಿಂದ ಯಾಕೆ? ಅಮೆರಿಕದವರು ‘ಫ್ಲ್ಯಾಗ್‌ಶಿಪ್ ಸ್ಟೇಷನ್’ ಅನ್ನುವುದು ಇದನ್ನೇನಾ?
– ಓದುಗರು, ತೀರ್ಥಹಳ್ಳಿ

ಹೆಚ್ಚುಕಡಿಮೆ ಇದನ್ನೇ. ಜಾಲಕ್ಕೆಲ್ಲ ಕಾರ್ಯಕ್ರಮ ಒದಗಿಸುವ ಮೂಲ ಕೇಂದ್ರ ಅದು. 1926ರಲ್ಲಿ ಅಮೆರಿಕದ ರೇಡಿಯೊ ಜಾಲ ಎನ್‌ಬಿಸಿ ಶುರುವಾದಾಗ ನ್ಯೂಯಾರ್ಕಿನ ಡಬ್ಲ್ಯುಇಎಎಫ್ ಕೇಂದ್ರ ಹಾಗಿತ್ತು. ಅಲ್ಲಿನ ಧ್ವನಿ ಟೆಲಿಫೋನ್ ತಂತಿಯಲ್ಲಿ ಬೇರೆ ಊರಿನ ಕೇಂದ್ರಗಳಿಗೆ ಹೋಗುತ್ತಿತ್ತು. ಅವುಗಳಲ್ಲಿ ಬಹುಪಾಲು ಬೇರೆಯವರ ಒಡೆತನದವು, ಒಪ್ಪಂದದ ಮೇಲೆ ಸೇರಿದವು. ನಮ್ಮಲ್ಲಿ ಎಲ್ಲವೂ ಆಕಾಶವಾಣಿಯದೇ. ದೇಶದ ವಾರ್ತೆಗೆ ದೆಹಲಿ, ರಾಜ್ಯದ ವಾರ್ತೆಗೆ ಬೆಂಗಳೂರು. 1965ರಲ್ಲಿ ಶುರುವಾದ ಭದ್ರಾವತಿ ಕೇಂದ್ರ ಅದನ್ನು ಸಹಪ್ರಸಾರ ಮಾಡುತ್ತದೆ. ಹಿಂದೆ ದೆಹಲಿಯ ಶಾರ್ಟ್‌ವೇವ್ ಹಿಡಿದು ಮತ್ತೆ ಬಿಡುತ್ತಿದ್ದರು. ವಾರ್ತೆ ಓದುವವರ ದನಿ ಮೇಲೆ ಕೆಳಗೆ ತೇಲುತ್ತಿದ್ದುದು ಅದಕ್ಕೇ. ಇನ್ಸಾಟ್ ಉಪಗ್ರಹ ಬಂದಮೇಲೆ ಆ ಕಾಟ ತಪ್ಪಿತು. ಹಾಗಂತ ಎಲ್ಲವೂ ರಾಜಧಾನಿಯಿಂದಲೇ ಬರಬೇಕಿಲ್ಲ. ಅಡಿಕೆಯ ಕೊಳೆರೋಗ, ಬೋರ್ಡೋ ಸಿಂಪಡಣೆಯ ಮಾತು ಭದ್ರಾವತಿಯಲ್ಲೇ ತಯಾರಾದರೆ ಚೆಂದ.

ಪ್ರಶ್ನೆ: ವಾರ್ತೆಯ ನಡುವೆ ಫಕ್ಕನೆ ಸದ್ದು ನಿಲ್ಲುತ್ತದೆ. ದೋಷ ಯಾರದ್ದು?
– ಓದುಗರು, ಹೊಸನಗರ

ನಿಂತಮೇಲೆ ಏನು ಕೇಳುತ್ತದೆ, ಅದನ್ನು ಗಮನಿಸಿ. ಎಫ್‌ಎಂನಲ್ಲಿ ‘ಸುಂಯ್’ ಎಂದು ಜೋರು ಸದ್ದು ಬಂದರೆ ಟ್ರಾನ್ಸ್‌ಮಿಟರ್ ನಿಂತಿದೆ, ಬಹುಶಃ ಕರೆಂಟು ಹೋಗಿದೆ. ಸುಂಯ್ ಇಲ್ಲದೆ ಬರೀ ಮೌನವಾದರೆ ಟ್ರಾನ್ಸ್‌ಮಿಟರ್ ಚಾಲೂ ಇದೆ, ಒಳಗೆ ಬರಬೇಕಾದ ಧ್ವನಿ ಕಡಿದಿದೆ. ಕೂಡಲೇ ಮೊಬೈಲಿನ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಬೆಂಗಳೂರು ಹಾಕಿ. ಅಲ್ಲಿ ವಾರ್ತೆ ಓಡುತ್ತಿದ್ದರೆ ಕೊಂಡಿ ತಪ್ಪಿದ್ದು ಈಚೆ. ಅಲ್ಲೂ ಮೌನವಾದರೆ ಮೂಲದಲ್ಲೇ. ಆ್ಯಪ್‌ನ ಧ್ವನಿ ತಡವಾಗಿ ಬರುತ್ತದೆ, ಒಂದೆರಡು ನಿಮಿಷ ಕೇಳಿಯೇ ತೀರ್ಮಾನಿಸಿ.

ಪ್ರಶ್ನೆ: ಮನೆ ಗುಡ್ಡದ ಹಿಂದೆ. ಭದ್ರಾವತಿಯ 103.5 ಎಫ್‌ಎಂ ಬರುವುದಿಲ್ಲ. ಮೀಡಿಯಂ ವೇವ್ ಬಂದರೂ ಟಕ್ ಟಕ್ ಸದ್ದು.
– ಓದುಗರು, ಸಾಗರ

ಎಫ್‌ಎಂ ಅಲೆ ಗುಡ್ಡ ಬಳಸಿ ಬರುವುದು ಕಡಿಮೆ. ಸುಮಾರು 69 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು ಒಂದೇ ಸಾಲಿನಲ್ಲಿ, ನಡುವೆ ಬೆರಳಗಲ ಬಿಟ್ಟು, ಪಿವಿಸಿ ಪೈಪಿಗೆ ಕಟ್ಟಿ. ಟಿವಿ ಕೇಬಲ್ಲಿನ ಒಳತಂತಿ ಒಂದಕ್ಕೆ, ಹೊರಜಾಲರಿ ಇನ್ನೊಂದಕ್ಕೆ. ಭದ್ರಾವತಿ ದಿಕ್ಕು ತೆರೆದಿರುವ ಏರಿನಲ್ಲಿ ನಿಲ್ಲಿಸಿ, ಅಡ್ಡಡ್ಡಲೂ ನೆಟ್ಟಗೂ ಹಿಡಿದು ನೋಡಿ. ಕೇಬಲ್ 30 ಮೀಟರ್ ಆದರೂ ಚಿಂತೆಯಿಲ್ಲ. ಆದರೆ ಜೋಡಣೆಗೆ ಮಳೆನೀರು ಇಳಿದರೆ ಒಂದೇ ಮಳೆಗಾಲಕ್ಕೆ ಜಾಲರಿ ಹಸಿರುಗಟ್ಟಿ ಕೆಡುತ್ತದೆ, ಸೀಲ್ ಮಾಡಿ. ಗುಡುಗು ಶುರುವಾಗುವ ಮೊದಲೇ ಕೇಬಲ್ ಕಳಚಿಡಿ.

ಟಕ್ ಟಕ್ ಸೆಕೆಂಡಿಗೊಮ್ಮೆ ಬಂದರೆ ಅನುಮಾನ ತೋಟದ ಸೋಲಾರ್ ಬೇಲಿಯ ಮೇಲೆ. ತಂತಿಗೆ ಕಳೆ, ಬಳ್ಳಿ ತಾಗಿ ಕಿಡಿ ಹಾರುತ್ತದೆ. ಬೇಲಿ ಆಫ್ ಮಾಡಿದಾಗ ಸದ್ದು ನಿಂತರೆ ಖಾತ್ರಿ. ಬುಡ ಸವರಿ, ಒಡೆದ ಇನ್ಸುಲೇಟರ್ ಬದಲಿಸಿ. ಮೀಡಿಯಂ ವೇವ್‌ನ ಏರಿಯಲ್ ಸೆಟ್ಟಿನ ಒಳಗೇ ಉದ್ದಕ್ಕೆ ಮಲಗಿರುವ ಫೆರೈಟ್ ಕಡ್ಡಿ. ಅದರ ತುದಿ ಬೇಲಿಯತ್ತ ಇರುವಂತೆ ಸೆಟ್ ತಿರುಗಿಸಿದರೆ ಸದ್ದು ಬಹಳ ಮಟ್ಟಿಗೆ ಇಳಿಯುತ್ತದೆ. ಬೇಲಿಯೂ ಭದ್ರಾವತಿಯೂ ಒಂದೇ ದಿಕ್ಕಿಗಿದ್ದರೆ ಮಾತ್ರ ಈ ಉಪಾಯ ನಡೆಯದು, ಕೇಂದ್ರದ ದನಿಯೂ ಜತೆಗೇ ಇಳಿಯುತ್ತದೆ.