ಮಗಳ ಇಂಟರ್‌ಡಿಸಿಪ್ಲಿನರಿ ಡಿಗ್ರಿ: ಕಾಲೇಜು ಹುಡುಕೋ ಮೊದಲು

ಧಾರವಾಡದಿಂದ ನ್ಯೂಜೆರ್ಸಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಮಗಳು ಬಯಾಲಜಿ, ಚಿತ್ರಕಲೆ, ಕಂಪ್ಯೂಟರ್ ಮೂರನ್ನೂ ಸೇರಿಸಿ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ, ಯಾವ ಕಾಲೇಜು ಒಳ್ಳೇದು ಅಂತ ಕೇಳಿದ್ದೀರಿ. ಗಾಬರಿ ಆಗಬೇಡಿ. ಹೀಗೆ ಹಲವು ವಿಷಯ ಬೆರೆಸಿ ಓದುವುದಕ್ಕೇ ಇಂಟರ್‌ಡಿಸಿಪ್ಲಿನರಿ ಡಿಗ್ರಿ ಅನ್ನುವುದು. ನಮ್ಮಲ್ಲಿ ಪಿಯುಸಿಯಲ್ಲಿ ಸೈನ್ಸೋ ಕಾಮರ್ಸೋ ಅಂತ ಆರಿಸಿದ ಮೇಲೆ ಮುಗೀತು. ಇಲ್ಲಿ ಬಹಳಷ್ಟು ಕಾಲೇಜುಗಳಲ್ಲಿ ಎರಡನೇ ವರ್ಷದವರೆಗೂ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಹೇಳದೇ ಇರಬಹುದು.

ನ್ಯೂಯಾರ್ಕ್ ಯೂನಿವರ್ಸಿಟಿಯ ಗ್ಯಾಲಟಿನ್ ಸ್ಕೂಲ್ 1972ರಿಂದ ಹೀಗೆ ವಿಷಯ ಬೆರೆಸಿ ಓದಿಸುವ ಕೆಲಸ ಮಾಡುತ್ತಿದೆ. ಏನು ಓದಬೇಕು ಅಂತ ಮಕ್ಕಳೇ ಅಡ್ವೈಸರ್ ಜೊತೆ ಕೂತು ಹೊಂದಿಸಿಕೊಳ್ಳುತ್ತಾರೆ. ಕೊನೆಗೆ, ತಾವೇ ಆರಿಸಿದ ಪುಸ್ತಕಗಳ ಬಗ್ಗೆ ಅಧ್ಯಾಪಕರ ಎದುರು ಮಾತಾಡಬೇಕು. ನನಗೆ ತುಂಬಾ ಇಷ್ಟವಾದ ಪದ್ಧತಿ ಅದು. ಆದರೆ ಫೀಸು ಭಾರಿ. ವಾಷಿಂಗ್ಟನ್ ರಾಜ್ಯದ ಎವರ್‌ಗ್ರೀನ್ ಸ್ಟೇಟ್ ಕಾಲೇಜು ಇನ್ನೊಂದು, ಅದು ಸರ್ಕಾರಿ. ಅಲ್ಲಿ ಎ, ಬಿ ಗ್ರೇಡೇ ಇಲ್ಲ, ಮಗು ಹೇಗೆ ಕಲಿಯಿತು ಅಂತ ಅಧ್ಯಾಪಕರು ಬರೆದು ಕೊಡುತ್ತಾರೆ.

ಯಾವುದೇ ಕಾಲೇಜಾಗಲಿ, ನಾನು ಮೊದಲು ನೋಡುವುದು ಒಂದೇ. ಇಂಥ ಡಿಗ್ರಿಗೆ ಎಷ್ಟೋ ಕಡೆ ಸ್ವಂತ ತರಗತಿಗಳು ಕಡಿಮೆ, ಬೇರೆ ವಿಭಾಗಗಳಿಗೆ ಹೋಗಿ ಕೂರಬೇಕು. ಅವರು ಹೊರಗಿನವರಿಗೆ ಸೀಟು ಕೊಡ್ತಾರಾ? ಕೋರ್ಸ್ ಕ್ಯಾಟಲಾಗ್ ತೆಗೆದು ಮಗಳು ಏಳೆಂಟು ಕೋರ್ಸು ಆರಿಸಲಿ. ಪ್ರತಿಯೊಂದರ ಕೆಳಗೆ ಸಣ್ಣಕ್ಷರದಲ್ಲಿ, ಮೊದಲು ಯಾವ ಕೋರ್ಸು ಮುಗಿಸಿರಬೇಕು, ಮೇಜರ್‌ನವರಿಗೆ ಮಾತ್ರವಾ ಅಂತ ಇರುತ್ತದೆ. ಕಂಪ್ಯೂಟರ್ ಸೈನ್ಸಿನಲ್ಲಿ ಈ ತಡೆ ಜಾಸ್ತಿ. ಆರಿಸಿದ ಕೋರ್ಸುಗಳಲ್ಲಿ ಮೂರ್ನಾಲ್ಕಕ್ಕೆ ಇಂಥ ತಡೆ ಇದ್ದರೆ, ಬ್ರೋಷರ್ ಎಷ್ಟೇ ಚೆನ್ನಾಗಿದ್ದರೂ ಆ ಕಾಲೇಜು ಬಿಡಿ.

ಪುಟ್ಟ ಕಾಲೇಜಾದರೆ ಹಣಕಾಸು ಹೇಗಿದೆ ಅಂತಲೂ ವಿಚಾರಿಸಿ. ವರ್ಮಾಂಟ್‌ನ ಮಾರ್ಲ್‌ಬರೋ ಕಾಲೇಜು ಇಂಥ ಓದಿಗೇ ಹೆಸರಾಗಿತ್ತು. 2020ರಲ್ಲಿ ಮುಚ್ಚಿತು, ಬಾಸ್ಟನ್ನಿನ ಎಮರ್ಸನ್ ಕಾಲೇಜಿನಲ್ಲಿ ಸೇರಿಹೋಯಿತು. ಓದುತ್ತಿದ್ದ ಮಕ್ಕಳಿಗೆ ಹಳ್ಳಿ ಬಿಟ್ಟು ನಗರಕ್ಕೆ ಹೋಗುವ ಪರಿಸ್ಥಿತಿ ಬಂತು.

ಇನ್ನು ವೀಸಾ. ಮಗಳು ಎಚ್-4ನಲ್ಲೇ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾ) ಓದಬಹುದು, ಆದರೆ 21 ತುಂಬಿದರೆ ಅದು ನಿಲ್ಲುತ್ತದೆ. ಆಮೇಲೆ ಸಾಮಾನ್ಯವಾಗಿ ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ಎಫ್-1ನವರು ಡಿಗ್ರಿ ಮುಗಿದ ಮೇಲೆ ಓಪಿಟಿ ಅನ್ನುವ ಕೆಲಸದ ಅನುಮತಿಯಲ್ಲಿ 12 ತಿಂಗಳು ಕೆಲಸ ಮಾಡಬಹುದು, ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ವಿಷಯವಾದರೆ ಇನ್ನೂ 24 ತಿಂಗಳು. ವಿಷಯ ಆ ಪಟ್ಟಿಗೆ ಸೇರುತ್ತದಾ ಅಂತ ತೀರ್ಮಾನಿಸುವುದು, ಎಫ್-1ಗಾಗಿ ಕಾಲೇಜು ಕೊಡುವ ಐ-20 ಪತ್ರದ ಮೊದಲ ಪುಟದಲ್ಲಿ ಮೇಜರ್ ಪಕ್ಕ ಇರುವ ಕೋಡ್ ನಂಬರ್ (ಸಿಐಪಿ ಕೋಡ್), ಆಕೆ ತೆಗೆದುಕೊಂಡ ತರಗತಿಗಳಲ್ಲ. ಕಾಗ್ನಿಟಿವ್ ಸೈನ್ಸ್, ಡೇಟಾ ಸೈನ್ಸ್ ಆ ಪಟ್ಟಿಯಲ್ಲಿವೆ. ಸುಮ್ನೆ 'ಇಂಟರ್‌ಡಿಸಿಪ್ಲಿನರಿ ಸ್ಟಡೀಸ್' ಅಂತ ಇದ್ದರೆ ಆ 24 ತಿಂಗಳು ಸಿಗುತ್ತದೆ ಅಂತ ನಂಬಿ ಕೂರಬೇಡಿ. ಸೇರುವ ಮೊದಲೇ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಈಮೇಲ್ ಮಾಡಿ, ಈ ಮೇಜರ್‌ಗೆ ಯಾವ ಸಿಐಪಿ ಕೋಡ್ ಹಾಕ್ತೀರಿ ಅಂತ ಕೇಳಿ. ಉತ್ತರ ಬರವಣಿಗೆಯಲ್ಲೇ ಬರಲಿ, ಫೋನಿನಲ್ಲಿ ಬೇಡ.