ಓದುಗರ ಪ್ರಶ್ನೆ: ಸಣ್ಣ ಊರಿನ ಎಫ್‌ಎಂ ಹೇಗೆ ಬಂತು, ಹೇಗೆ ನಡೆಯುತ್ತೆ?

ಪ್ರಶ್ನೆ: ಬೆಂಗಳೂರಿಗೆ 2001ರಲ್ಲೇ ಖಾಸಗಿ ಎಫ್‌ಎಂ ಬಂತು. ಮೈಸೂರು, ಮಂಗಳೂರಿಗೆ ತಡವಾಗಿದ್ದು ಯಾಕೆ? ಕೇಳುವವರು ಇರಲಿಲ್ಲವಾ?

ಉತ್ತರ: ಕೇಳುವವರು ಬೇಕಾದಷ್ಟಿದ್ದರು, ಲೆಕ್ಕ ಕೂಡಿ ಬರಲಿಲ್ಲ ಅಷ್ಟೇ. 1995ರಲ್ಲಿ ಕ್ರಿಕೆಟ್ ಪ್ರಸಾರದ ಕೇಸೊಂದರಲ್ಲಿ ಸುಪ್ರೀಂ ಕೋರ್ಟು, ರೇಡಿಯೊ ತರಂಗಗಳು ಜನರ ಸ್ವತ್ತು, ಸರ್ಕಾರವೊಂದೇ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದಿತು. 1999ರ ನೀತಿಯಲ್ಲಿ 40 ನಗರಗಳ 108 ಚಾನೆಲ್‌ಗಳನ್ನು ಹರಾಜಿಗಿಟ್ಟರು. ಎಲ್ಲರೂ ಹುರುಪಿನಲ್ಲಿ ಕೂಗಿದ್ದೇ ಕೂಗಿದ್ದು. ಆದರೆ ಹಾಗೆ ಕೂಗಿದ ಮೊತ್ತವನ್ನು ಪ್ರತಿ ವರ್ಷ ಕಟ್ಟಬೇಕಿತ್ತು, ಅದೂ ವರ್ಷಕ್ಕೆ ಶೇ 15ರಷ್ಟು ಏರಿಸಿಕೊಂಡು. ಜಾಹೀರಾತು ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ದೊಡ್ಡ ಊರಿನವರೇ ಏದುಸಿರು ಬಿಟ್ಟರು. ಕೊನೆಗೆ ದೇಶದಲ್ಲಿ ನಿಂತಿದ್ದು 12 ನಗರಗಳ 21 ಸ್ಟೇಷನ್. ಅಂಥ ಕಾಲದಲ್ಲಿ ಸಣ್ಣ ಊರಿಗೆ ಯಾರು ದುಡ್ಡು ಹಾಕುತ್ತಾರೆ ಹೇಳಿ?

2005ರಲ್ಲಿ ನಿಯಮ ಬದಲಾಯಿತು. ಒಂದು ಸಲ ಪ್ರವೇಶ ಶುಲ್ಕ ಕಟ್ಟಿ, ಆಮೇಲೆ ಒಟ್ಟು ಆದಾಯದ ಶೇ 4 ಕೊಟ್ಟರೆ ಸಾಕು (ಕನಿಷ್ಠ ಇಷ್ಟು ಅಂತ ಒಂದು ಮಿತಿ ಇತ್ತು, ಇರಲಿ). ಈ ಸಲ 91 ನಗರ, 338 ಚಾನೆಲ್. ಮೈಸೂರು, ಮಂಗಳೂರು, ಕಲಬುರಗಿಗೆ ಖಾಸಗಿ ಎಫ್‌ಎಂ ಬಂದಿದ್ದು ಈ ಸುತ್ತಿನಲ್ಲೇ. 2010ರಲ್ಲಿ ಇನ್ನೊಂದು ಭಾರ ಇಳಿಯಿತು. ಅಲ್ಲಿಯವರೆಗೆ ಹಾಡಿನ ರಾಯಲ್ಟಿ, ಅಂದರೆ ಹಾಡು ಹಾಕಿದ್ದಕ್ಕೆ ಅದರ ಹಕ್ಕುದಾರರಿಗೆ ಕೊಡುವ ದುಡ್ಡು, ಗಂಟೆ ಲೆಕ್ಕದಲ್ಲಿತ್ತು. ಕಾಪಿರೈಟ್ ಬೋರ್ಡ್ ಅದನ್ನು ಜಾಹೀರಾತಿನ ನಿವ್ವಳ ಆದಾಯದ ಶೇ 2ಕ್ಕೆ ತಂದಿತು. ಬಟ್ಟೆ ಅಂಗಡಿ, ಟ್ಯೂಷನ್ ಸೆಂಟರ್‌ಗಳಿಂದ ಹತ್ತು ಸೆಕೆಂಡಿಗೆ ಇಷ್ಟು ಅಂತ ದುಡ್ಡು ಎತ್ತುವ ಸ್ಟೇಷನ್ನಿಗೆ ಇದು ಸಣ್ಣ ಮಾತಲ್ಲ.

ಅಂದಹಾಗೆ, ಮೈಸೂರಿನವರು ಈ ವಿಷಯದಲ್ಲಿ ಬೆಂಗಳೂರಿಗಿಂತ ಹಿಂದೆ ಅಂತ ಬೇಜಾರು ಮಾಡಿಕೊಳ್ಳಬೇಕಿಲ್ಲ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದ್ದು 1935ರಲ್ಲಿ!

ಪ್ರಶ್ನೆ: ರಾತ್ರಿ ಹೊತ್ತು ಮಾತಾಡುವ ಆರ್‌ಜೆ ನಿಜವಾಗಿಯೂ ನಮ್ಮೂರಲ್ಲೇ ಕೂತಿರುತ್ತಾರಾ?

ಉತ್ತರ: ಇರಬಹುದು, ಇಲ್ಲದೆಯೂ ಇರಬಹುದು. ಒಂದೇ ಕಾರ್ಯಕ್ರಮವನ್ನು ಹಲವು ಊರುಗಳಲ್ಲಿ ಹಾಕುವ ನೆಟ್‌ವರ್ಕಿಂಗ್ ಅವಕಾಶ ಮೊದಲು ಒಂದೇ ವಲಯದ ಸಣ್ಣ ಊರುಗಳಿಗೆ ಮಾತ್ರ ಇತ್ತು. 2011ರ ನೀತಿ ಅದನ್ನು ಕಂಪನಿಯ ದೇಶದ ಎಲ್ಲ ಸ್ಟೇಷನ್‌ಗಳಿಗೂ ಬಿಟ್ಟುಕೊಟ್ಟಿತು. ಇದಲ್ಲದೆ, ಲಿಂಕ್‌ಗಳನ್ನು (ಹಾಡುಗಳ ನಡುವೆ ಆರ್‌ಜೆ ಆಡುವ ಮಾತು) ಮೊದಲೇ ರೆಕಾರ್ಡ್ ಮಾಡುವುದೂ ಉಂಟು. ನಾಲ್ಕು ಗಂಟೆಯ ಶೋನ ಮಾತನ್ನೆಲ್ಲ ಸ್ವಲ್ಪ ಹೊತ್ತಿನಲ್ಲಿ ಒಟ್ಟಿಗೆ ಹೇಳಿ ಮುಗಿಸಿ ಎದ್ದು ಹೋಗಬಹುದು. ಸಾಫ್ಟ್‌ವೇರ್ ಹಾಡು ಮುಗಿಯುವ ಕಡೆ ಮಾತು ಕೂರಿಸುತ್ತೆ, ಮಾತು ಮುಗಿದ ಕಡೆ ಜಾಹೀರಾತು. ಸುಮ್ನೆ ಗಮನಿಸಿ: ಅಂಥ ಲಿಂಕ್‌ನಲ್ಲಿ ‘ಒಂಬತ್ತು ಇಪ್ಪತ್ತಾಯ್ತು’ ಅಂತ ಸಿಗೋದು ಕಷ್ಟ, ‘ರಾತ್ರಿಯ ಈ ಹೊತ್ತಲ್ಲಿ’ ಅಂತಾರೆ. ಹೊರಗೆ ಮಳೆ ಸುರಿಯುತ್ತಿದ್ದರೂ ಮಳೆಯ ಸುದ್ದಿಯೇ ಇರಲ್ಲ.

ಖರ್ಚು ಉಳಿಯುತ್ತೆ, ಸರಿ. ಆದರೆ ಮಂಗಳೂರಿನ ಸ್ಟೇಷನ್‌ನಲ್ಲಿ ತುಳು ಮಾತು ಬರದಿದ್ದರೆ ಅಲ್ಲಿನವರು ಅದನ್ನು ಯಾಕೆ ಕೇಳಬೇಕು? ಹಾಡು ಮೊಬೈಲಲ್ಲೂ ಸಿಗುತ್ತೆ ಅಲ್ವಾ. ಸಣ್ಣ ಊರಿನ ಎಫ್‌ಎಂ ಹತ್ತಿರ ಮಾರೋಕೆ ಇರುವುದೇ ಆ ಊರಿನ ಮಾತು, ಅದನ್ನೇ ಕಡಿಮೆ ಮಾಡಿದರೆ ಅಂಗಡಿಯವರೂ ಜಾಹೀರಾತು ಕಡಿಮೆ ಮಾಡುತ್ತಾರೆ. ನನ್ನ ಪ್ರಕಾರ ಎಷ್ಟೋ ಸ್ಟೇಷನ್ ಸೊರಗಿದ್ದು ಹೀಗೆ.

ಪ್ರಶ್ನೆ: ಊರಿನ ಸುದ್ದಿ ಯಾಕೆ ಓದುವುದಿಲ್ಲ?

ಉತ್ತರ: ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಹಾಕಬಹುದು. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ನೀರು-ಕರೆಂಟಿನ ಪ್ರಕಟಣೆ ಸುದ್ದಿಯ ಲೆಕ್ಕಕ್ಕೆ ಬರಲ್ಲ. ಹಾಗಾಗಿ ನಾಳೆ ನೀರು ಬರಲ್ಲ ಅಂತ ಹೇಳಬಹುದು, ಯಾಕೆ ಬರಲ್ಲ ಅಂತ ನಗರಸಭೆಯ ಜಗಳವನ್ನು ವರದಿ ಮಾಡುವಂತಿಲ್ಲ. ವಿಚಿತ್ರ ನಿಯಮ, ನನಗಂತೂ ಒಪ್ಪಿಗೆಯಿಲ್ಲ.

ಪ್ರಶ್ನೆ: ಬೆಂಗಳೂರು-ಮೈಸೂರು ದಾರಿಯಲ್ಲಿ ಒಂದೇ ನಂಬರಿನಲ್ಲಿ ಎರಡು ಸ್ಟೇಷನ್ ಬಂದು ಹೋಗುತ್ತಲ್ಲ?

ಉತ್ತರ: 92.7 ಎರಡೂ ಊರಲ್ಲಿದೆ, 93.5 ಕೂಡ. ಎಫ್‌ಎಂ ರಿಸೀವರ್ ಎರಡನ್ನೂ ಬೆರೆಸಿ ಕೇಳಿಸುವುದಿಲ್ಲ, ಯಾವುದು ಜೋರಾಗಿದೆಯೋ ಅದನ್ನು ಹಿಡಿದು ಇನ್ನೊಂದನ್ನು ಒತ್ತಿಹಾಕುತ್ತೆ. ನಡುದಾರಿಯಲ್ಲಿ ಎರಡೂ ಸರಿಸಮ ಆದಾಗ ಒಂದು ತಿರುವಿಗೆ ಇದು, ಇನ್ನೊಂದು ತಿರುವಿಗೆ ಅದು. ರೇಡಿಯೊ ಕೆಟ್ಟಿಲ್ಲ ಬಿಡಿ.

ಪ್ರಶ್ನೆ: ಇನ್ನೂ ಸಣ್ಣ ಊರುಗಳಿಗೆ ಬರುತ್ತಾ?

ಉತ್ತರ: 234 ಹೊಸ ನಗರಗಳಲ್ಲಿ 730 ಚಾನೆಲ್ ಹರಾಜು ಹಾಕಲು ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದೆ. ಒಪ್ಪಿದ ಮಾತ್ರಕ್ಕೆ ಸ್ಟೇಷನ್ ಶುರುವಾಗಲ್ಲ. 2015ರ ಹರಾಜಿನಲ್ಲೂ 135 ಚಾನೆಲ್ ಇಟ್ಟು, ಮಾರಾಟವಾಗಿದ್ದು 97.