ಮಾರ್ಕ್ ಸ್ಟ್ರೈಟ್ ಲೇಖನದಲ್ಲಿ ಬಿಟ್ಟುಹೋದ ವರ್ಷಗಳು

ಪ್ರಿಯ ಲೇಖಕರೇ,

ಸ್ವಿಟ್ಜರ್ಲೆಂಡಿನ ಐಸ್ ಹಾಕಿ ಆಟಗಾರ ಮಾರ್ಕ್ ಸ್ಟ್ರೈಟ್ ಕುರಿತು ನೀವು ಕಳುಹಿಸಿದ ‘ಹಿಮನಾಡಿನ ಹುಲಿ’ ಎಂಬ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಕನ್ನಡದಲ್ಲಿ ಹೆಚ್ಚಾಗಿ ಯಾರೂ ಮುಟ್ಟದ ವಸ್ತುವನ್ನು ನೀವು ಆರಿಸಿಕೊಂಡಿದ್ದೀರಿ, ಅದಕ್ಕಾಗಿ ಸಾಕಷ್ಟು ಓದಿದ್ದೀರಿ. ಆ ಶ್ರಮ ವ್ಯರ್ಥವಾಗಬಾರದೆಂಬ ಕಾರಣಕ್ಕೆ ಲೇಖನ ಎಲ್ಲಿ ಸೋತಿದೆ, ಎಲ್ಲಿ ಗೆಲ್ಲಬಹುದು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಕೊಡಗಿನ ಹಾಕಿ ಹಬ್ಬದ ವರ್ಣನೆಯೊಂದಿಗೆ ನೀವು ಆರಂಭಿಸಿದ್ದೀರಿ. ವರ್ಣನೆ ಸೊಗಸಾಗಿದೆ, ಆದರೆ ಸ್ಟ್ರೈಟ್ ಅವರ ಬದುಕಿಗೂ ಅದಕ್ಕೂ ಸಂಬಂಧವಿಲ್ಲದ ಕಾರಣ ಅದನ್ನು ಪೂರ್ತಿಯಾಗಿ ತೆಗೆಯಿರಿ. ಆಲ್ಪ್ಸ್ ಪರ್ವತಗಳ ಸೂರ್ಯೋದಯವೂ ಬೇಡ. ಹೀಗೆ ಉಳಿಯುವ ಜಾಗವನ್ನು ಆಟವನ್ನು ವಿವರಿಸಲು ಬಳಸಿಕೊಳ್ಳಿ, ಏಕೆಂದರೆ ಐಸ್ ಹಾಕಿಯನ್ನು ಒಮ್ಮೆಯೂ ನೋಡದ ಓದುಗರೇ ನಮ್ಮಲ್ಲಿ ಹೆಚ್ಚು. ಇಪ್ಪತ್ತು ನಿಮಿಷಗಳ ಮೂರು ಅವಧಿಗಳು. ಗೋಲು ಕಾಯುವ ಗೋಲಿಯನ್ನು ಬಿಟ್ಟರೆ ಪ್ರತಿ ತಂಡದಿಂದ ಐವರು ಮಂಜಿನ ಮೇಲೆ, ಅವರಲ್ಲಿ ಸಾಮಾನ್ಯವಾಗಿ ಇಬ್ಬರು ಡಿಫೆನ್ಸ್ ಆಟಗಾರರು. ಒಬ್ಬೊಬ್ಬರೂ ಹೆಚ್ಚುಕಡಿಮೆ ಮುಕ್ಕಾಲು ನಿಮಿಷ ಆಡಿ, ದಣಿದು ಬೆಂಚಿಗೆ ಮರಳುತ್ತಾರೆ. ಎದುರಾಳಿ ತಂಡದ ಒಬ್ಬ ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕುಳಿತಾಗ ಐವರಿಗೆ ನಾಲ್ವರ ಆಟ ನಡೆಯುತ್ತದೆ. ಅದೇ ಪವರ್ ಪ್ಲೇ. ಕ್ರಿಕೆಟ್ಟಿನ ಪವರ್ ಪ್ಲೇಯನ್ನಷ್ಟೇ ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳದೆ ಮುಂದೆ ಹೋದರೆ ಸ್ಟ್ರೈಟ್ ಅವರ ಬೆಲೆ ಏನೆಂಬುದೇ ತಿಳಿಯುವುದಿಲ್ಲ. ಆ ಎರಡು ನಿಮಿಷಗಳಲ್ಲಿ ಎದುರಾಳಿ ವಲಯದ ಅಂಚಿನ ನೀಲಿ ಗೆರೆಯ ಬಳಿ ನಿಂತು, ‘ಪಕ್’ ಎಂಬ ರಬ್ಬರ್ ಬಿಲ್ಲೆಯನ್ನು ಯಾರಿಗೆ, ಯಾವ ಕ್ಷಣದಲ್ಲಿ ಕೊಡಬೇಕೆಂದು ನಿರ್ಧರಿಸುವುದು ಅವರ ವಿಶೇಷ ಸಾಮರ್ಥ್ಯವಾಗಿತ್ತು. ‘434 ಅಂಕ ಗಳಿಸಿದರು’ ಎಂದಷ್ಟೇ ನೀವು ಬರೆದಿದ್ದೀರಿ. ಉತ್ತರ ಅಮೆರಿಕದ ಅಗ್ರ ಲೀಗ್ ಆದ ಎನ್‌ಎಚ್‌ಎಲ್‌ನ 786 ಲೀಗ್ ಪಂದ್ಯಗಳಲ್ಲಿ ಅವರು ಹೊಡೆದ ಗೋಲುಗಳು 96, ಇತರರ ಗೋಲುಗಳಿಗೆ ಕೊಟ್ಟ ನೆರವು 338. ಎರಡೂ ಕೂಡಿ 434. ಹೀಗೆ ಬಿಡಿಸಿ ಬರೆದರೆ ಆಟಗಾರನ ಸ್ವಭಾವವೇ ಓದುಗರ ಕಣ್ಣಿಗೆ ಕಾಣುತ್ತದೆ.

ಇನ್ನು ಲೇಖನದ ಮುಖ್ಯ ಕೊರತೆ. ‘ಕೆಲವು ವರ್ಷ ಸ್ವದೇಶದಲ್ಲಿ ಆಡಿದ ಬಳಿಕ 2005ರಲ್ಲಿ ಅವರು ಎನ್‌ಎಚ್‌ಎಲ್ ಪ್ರವೇಶಿಸಿದರು’ ಎಂಬ ಒಂದೇ ವಾಕ್ಯದಲ್ಲಿ ನೀವು ದಾಟಿಬಿಟ್ಟಿರುವ ಕಾಲವೇ ಈ ಬದುಕಿನ ತಿರುಳು ಎಂದು ನಾನು ನಂಬುತ್ತೇನೆ. 1977ರ ಡಿಸೆಂಬರಿನಲ್ಲಿ ಬರ್ನ್ ಪ್ರಾಂತದಲ್ಲಿ ಹುಟ್ಟಿದ ಈ ಹುಡುಗ ಫ್ರಿಬೋರ್ಗ್ ತಂಡದಲ್ಲಿ ಮೊದಲು ಆಡಿ, ದಾವೋಸ್‌ನಲ್ಲಿ ಬೆಳೆದು, 1999ರಲ್ಲಿ ಅಟ್ಲಾಂಟಿಕ್ ದಾಟಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ಆ ಒಂದೇ ಋತುವಿನಲ್ಲಿ ಅವರು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್, ಯೂಟಾ, ಫ್ಲೋರಿಡಾದ ಟ್ಯಾಲಹಾಸಿ ಎಂಬ ಮೂರು ಕಡೆಗಳಲ್ಲಿ, ಮೂರು ಬೇರೆ ಬೇರೆ ಕೆಳ ಲೀಗ್‌ಗಳಲ್ಲಿ ಆಡಿದರು. ಎನ್‌ಎಚ್‌ಎಲ್‌ನಿಂದ ಕರೆ ಬರಲಿಲ್ಲ. ಅವರು ತಾಯ್ನಾಡಿಗೆ ಮರಳಿ ಜೂರಿಕ್‌ನ ಝಡ್‌ಎಸ್‌ಸಿ ಲಯನ್ಸ್ ಸೇರಿದರು, ಮರುವರ್ಷವೇ ಆ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಐದು ಋತುಗಳು ಅಲ್ಲಿಯೇ ಕಳೆದವು.

ಆ ಐದು ಋತುಗಳನ್ನು ನೀವು ಸೋಲಿನ ಕಾಲವೆಂದು ಭಾವಿಸಿ ಮುಚ್ಚಿಟ್ಟಂತೆ ತೋರುತ್ತದೆ. ಸ್ವಿಸ್ ಲೀಗ್ ಆಟಗಾರರಿಗೆ ಒಳ್ಳೆಯ ಸಂಬಳ ಕೊಡುವ, ತುಂಬಿದ ಸಭಾಂಗಣಗಳಲ್ಲಿ ನಡೆಯುವ, ತನ್ನದೇ ಘನತೆಯುಳ್ಳ ವೃತ್ತಿಪರ ಲೀಗ್. ಅಲ್ಲಿ ನೆಲೆ ಕಂಡ ಆಟಗಾರ ಮನೆಯ ಸಮೀಪವೇ ಗೌರವದಿಂದ ಬಾಳಬಹುದು. ಹಾಗಿರುವಾಗ, ಒಮ್ಮೆ ಬಾಗಿಲು ಮುಚ್ಚಿಸಿಕೊಂಡು ಬಂದವರು ಇಪ್ಪತ್ತೇಳನೆಯ ವಯಸ್ಸಿನಲ್ಲಿ, ತಾನು ಬೇರೂರಿದ್ದ ಊರನ್ನು ಬಿಟ್ಟು, ಆಡಲು ಅವಕಾಶ ಸಿಕ್ಕೀತೆಂಬ ಖಾತರಿಯಿಲ್ಲದ ಕಡೆಗೆ ಮತ್ತೆ ಏಕೆ ಹೊರಟರು? ನಿಮ್ಮ ಲೇಖನ ಈ ಪ್ರಶ್ನೆಯನ್ನು ಎತ್ತಲೇಬೇಕು. ತಂಡಗಳು ಸರದಿಯಂತೆ, ಸಾಮಾನ್ಯವಾಗಿ ಹದಿನೆಂಟರ ಹುಡುಗರನ್ನು ಆರಿಸುವ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ, 2004ರಲ್ಲಿ, ಮಾಂಟ್ರಿಯಲ್ ಕೆನೇಡಿಯನ್ಸ್ ಇಪ್ಪತ್ತಾರು ವರ್ಷದ ಸ್ಟ್ರೈಟ್ ಅವರನ್ನು ಒಂಬತ್ತನೆಯ ಸುತ್ತಿನಲ್ಲಿ, 262ನೆಯ ಆಯ್ಕೆಯಾಗಿ ತೆಗೆದುಕೊಂಡಿತು. ‘ಡ್ರಾಫ್ಟ್‌ನಲ್ಲಿ ಆಯ್ಕೆಯಾದರು’ ಎಂದು ಹೆಮ್ಮೆಯಿಂದ ಬರೆದಿರುವ ನೀವು ಆ ಸಂಖ್ಯೆಯನ್ನು ಬಿಟ್ಟಿದ್ದೀರಿ. ಅಷ್ಟು ಕೆಳಗಿನ ಆಯ್ಕೆಯಿಂದ ಯಾರೂ ಹೆಚ್ಚೇನನ್ನೂ ನಿರೀಕ್ಷಿಸುವುದಿಲ್ಲ ಎಂಬುದೇ ಅದರ ಅರ್ಥ. ಆ ಸಂಖ್ಯೆ ಲೇಖನದಲ್ಲಿ ಎದ್ದು ಕಾಣಬೇಕು.

ಮುಂದಿನ ವರ್ಷ ಇನ್ನೂ ಮುಖ್ಯವಾದುದು. ಮಾಲೀಕರಿಗೂ ಆಟಗಾರರ ಸಂಘಕ್ಕೂ ಒಪ್ಪಂದ ಕುದುರದೆ 2004–05ರ ಎನ್‌ಎಚ್‌ಎಲ್ ಋತು ಪೂರ್ತಿಯಾಗಿ ರದ್ದಾಯಿತು, ಕೆಲಸವಿಲ್ಲದ ಖ್ಯಾತ ಆಟಗಾರರು ಯುರೋಪಿನತ್ತ ಹೊರಟರು. ಕೆನಡಾದ ಜೋ ಥಾರ್ನ್‌ಟನ್ ಮತ್ತು ರಿಕ್ ನ್ಯಾಶ್ ದಾವೋಸ್ ಸೇರಿದರು. ಆ ವರ್ಷದ ಸ್ವಿಸ್ ಫೈನಲ್‌ನಲ್ಲಿ ದಾವೋಸ್‌ಗೆ ಸೋತದ್ದು ಸ್ಟ್ರೈಟ್ ಅವರ ಜೂರಿಕ್ ತಂಡವೇ. ತಾನು ಹೋಗಬಯಸಿದ್ದ ಲೀಗಿನ ಆಟಗಾರರು ತನ್ನ ಊರಿನ ಮಂಜಿನ ಮೇಲೆಯೇ ಎದುರಿಗೆ ನಿಂತಿದ್ದರು. ಎನ್‌ಎಚ್‌ಎಲ್ ಮತ್ತೆ ಆರಂಭವಾದಾಗ ಅದರ ನಿಯಮಗಳೂ ಬದಲಾಗಿದ್ದವು: ನಡುಗೆರೆ ದಾಟಿಸಿ ಕೊಡುವ ಉದ್ದನೆಯ ಪಾಸ್‌ಗೆ ಅವಕಾಶ ಸಿಕ್ಕಿತು, ಕೋಲಿನಿಂದ ಎಳೆದು, ಹಿಡಿದು ತಡೆಯುವುದನ್ನು ತೀರ್ಪುಗಾರರು ಕಟ್ಟುನಿಟ್ಟಾಗಿ ಶಿಕ್ಷಿಸತೊಡಗಿದರು, ಅದರಿಂದ ಪವರ್ ಪ್ಲೇಗಳು ಹೆಚ್ಚಿದವು. ಯುರೋಪಿನಲ್ಲಿ ಆ ಉದ್ದನೆಯ ಪಾಸ್ 1998ರಿಂದಲೇ ಇತ್ತು. ಪಕ್‌ನ ಮೇಲೆ ಹಿಡಿತವಿದ್ದ, ಮೈಬಲಕ್ಕಿಂತ ನೋಟವನ್ನು ನೆಚ್ಚಿದ ಡಿಫೆನ್ಸ್ ಆಟಗಾರನಿಗೆ ಇದಕ್ಕಿಂತ ಅನುಕೂಲವಾದ ಕಾಲ ಬರಲಾರದು. ‘ದೃಢಸಂಕಲ್ಪದಿಂದ ಗೆದ್ದರು’ ಎಂದು ನೀವು ಪದೇ ಪದೇ ಹೇಳುತ್ತೀರಿ. ಸಂಕಲ್ಪ ಇದ್ದೇ ಇತ್ತು, ಆದರೆ 1999ರಲ್ಲಿಯೂ ಅದು ಇತ್ತಲ್ಲವೇ? ಆರು ವರ್ಷಗಳ ಅನುಭವದ ಜೊತೆಗೆ ಬದಲಾದ ಆಟವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಓದುಗರು ಒಪ್ಪುವ ವಿವರಣೆ ದೊರೆಯುತ್ತದೆ.

ಮಾಂಟ್ರಿಯಲ್‌ನ ಮೂರು ಋತುಗಳನ್ನು ನೀವು ನೇರ ಏರಿಕೆಯಾಗಿ ಚಿತ್ರಿಸಿದ್ದೀರಿ. ನಿಜಸಂಗತಿ ಅದಕ್ಕಿಂತ ಕುತೂಹಲಕರವಾಗಿದೆ. ಮೊದಲ ಋತುವಿನಲ್ಲಿ 48 ಪಂದ್ಯಗಳಲ್ಲಿ 11 ಅಂಕ. ಎರಡನೆಯದರಲ್ಲಿ ಅವರನ್ನು ಅನೇಕ ಸಲ ಡಿಫೆನ್ಸ್‌ನಿಂದ ತೆಗೆದು ಮುಂಚೂಣಿಯ ಅಂಚಿನಲ್ಲಿ ಆಡಿಸಿದರು; ಅವರು ಕೊಟ್ಟ ಜಾಗದಲ್ಲಿ ಆಡಿದರು. 2007ರಲ್ಲಿ ಪವರ್ ಪ್ಲೇಯ ಬಲವಾದ ಹೊಡೆತಗಾರ ಶೆಲ್ಡನ್ ಸೂರೇ ತಂಡ ಬಿಟ್ಟಾಗ ತೆರವಾದ ಸ್ಥಾನ ಸ್ಟ್ರೈಟ್ ಅವರಿಗೆ ಒದಗಿತು. ಆ ಋತುವಿನಲ್ಲಿ 62 ಅಂಕ ಗಳಿಸಿ ಲೀಗಿನ ಡಿಫೆನ್ಸ್ ಆಟಗಾರರಲ್ಲಿ ಮೂರನೆಯವರಾದರು. ಬೇಸಿಗೆಯಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಐದು ವರ್ಷಗಳಿಗೆ 2 ಕೋಟಿ 5 ಲಕ್ಷ ಡಾಲರ್ ಕೊಟ್ಟು ಅವರನ್ನು ಕರೆದುಕೊಂಡಿತು. ಆ ತಂಡ ಮರುವರ್ಷ ಇಡೀ ಲೀಗಿನಲ್ಲಿ ಕಟ್ಟಕಡೆಯ ಸ್ಥಾನದಲ್ಲಿ ಉಳಿಯಿತು, ಅದೇ ತಂಡದಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರು ಸ್ಟ್ರೈಟ್. ಸೋಲುವ ತಂಡವೊಂದರ ಭಾರ ಹೊರುವುದು ಯಾವ ಬಗೆಯ ಯಶಸ್ಸು ಎಂದು ನೀವು ಒಂದು ಪರಿಚ್ಛೇದದಲ್ಲಾದರೂ ಯೋಚಿಸಬೇಕು. ಭುಜದ ಗಾಯದಿಂದ 2010–11ರ ಋತುವನ್ನು ಪೂರ್ತಿ ಕಳೆದುಕೊಂಡವರನ್ನೇ 2011ರ ಸೆಪ್ಟೆಂಬರಿನಲ್ಲಿ ನಾಯಕನನ್ನಾಗಿ ಆರಿಸಲಾಯಿತು ಎಂಬುದನ್ನೂ ಒಟ್ಟಿಗೆ ಹೇಳಿ. ನೀವು ಗಾಯವನ್ನು ಒಂದು ಕಡೆ, ನಾಯಕತ್ವವನ್ನು ಇನ್ನೊಂದು ಕಡೆ ಇಟ್ಟಿದ್ದೀರಿ.

‘ಮೊದಲಿಗ’ ಎಂಬ ಬಿರುದನ್ನು ಎಚ್ಚರದಿಂದ ಬಳಸಿ. ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಸ್ವಿಸ್ ಆಟಗಾರ ಸ್ಟ್ರೈಟ್ ಎಂಬ ನಿಮ್ಮ ಹೇಳಿಕೆ ತಪ್ಪು. ಗೋಲಿ ಪೌಲಿ ಯಾಕ್ಸ್ 1995ರಲ್ಲಿಯೇ ಲಾಸ್ ಏಂಜಲೀಸ್ ಪರವಾಗಿ ಒಂದು ಪಂದ್ಯದಲ್ಲಿ ಕಾಣಿಸಿಕೊಂಡಿದ್ದರು, ರೆಟೊ ಫಾನ್ ಆರ್ಕ್ಸ್ 2000ರಲ್ಲಿ ಶಿಕಾಗೋ ಪರ ಆಡಿದ್ದರು. ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದ ತಂಡಗಳಲ್ಲಿ ಗೋಲಿಗಳಾದ ಡೇವಿಡ್ ಏಬಿಷರ್ 2001ರಲ್ಲಿ, ಮಾರ್ಟಿನ್ ಗೆರ್ಬರ್ 2006ರಲ್ಲಿ ಇದ್ದರು. ಎನ್‌ಎಚ್‌ಎಲ್ ತಂಡವೊಂದರ ಮೊದಲ ಸ್ವಿಸ್ ನಾಯಕ ಸ್ಟ್ರೈಟ್ ಎಂಬುದು ನಿಜ, ಅಷ್ಟು ಸಾಕು. 2006ರ ಟೂರಿನ್ ಒಲಿಂಪಿಕ್ಸ್‌ನಲ್ಲಿ ಸ್ವಿಸ್ ತಂಡ ಹಿಂದಿನ ಸಲದ ಚಿನ್ನದ ವಿಜೇತ ಕೆನಡಾವನ್ನು 2–0ರಿಂದ ಸೋಲಿಸಿದ್ದನ್ನು ನೀವು ಅವರೊಬ್ಬರ ಸಾಧನೆಯಂತೆ ಬರೆದಿದ್ದೀರಿ. ಎರಡೂ ಗೋಲುಗಳನ್ನು ಹೊಡೆದವರು ಪಾಲ್ ಡಿಪಿಯೆಟ್ರೊ, ಅದನ್ನು ತಿದ್ದಿ.

ಕೊನೆಯ ಪುಟದಲ್ಲಿ ಅವರನ್ನು 2017ರ ಸ್ಟ್ಯಾನ್ಲಿ ಕಪ್ ವಿಜಯದ ಶಿಲ್ಪಿ ಎಂದು ಕರೆದಿದ್ದೀರಿ. ಫಿಲಡೆಲ್ಫಿಯಾದಲ್ಲಿದ್ದ ಅವರು ಆ ಮಾರ್ಚ್ 1ರಂದು ಟ್ಯಾಂಪಾಕ್ಕೆ, ಅದೇ ದಿನ ಅಲ್ಲಿಂದ ಪಿಟ್ಸ್‌ಬರ್ಗ್‌ಗೆ ವರ್ಗವಾದರು, ಪ್ಲೇಆಫ್‌ನಲ್ಲಿ ಮೂರು ಪಂದ್ಯ ಆಡಿದರು, ಫೈನಲ್‌ನಲ್ಲಿ ಆಡಲಿಲ್ಲ. ಇದನ್ನು ಬಚ್ಚಿಡಬೇಡಿ. ಪಿಟ್ಸ್‌ಬರ್ಗ್ ಕಪ್ ಗೆದ್ದ ಜೂನ್ 11ರಂದು ಎದುರಿನಲ್ಲಿ ಸೋತು ನಿಂತ ನ್ಯಾಶ್‌ವಿಲ್ ತಂಡದಲ್ಲಿ ಬರ್ನ್‌ನವರೇ ಆದ ರೋಮನ್ ಯೋಸಿ ಇದ್ದರು. ಅದಾದ ಹನ್ನೆರಡು ದಿನಗಳಿಗೆ, ಸ್ಟ್ರೈಟ್ ಅಮೆರಿಕಕ್ಕೆ ಮೊದಲು ಹೋದ ವರ್ಷವೇ ಹುಟ್ಟಿದ್ದ ನಿಕೊ ಹಿಷಿಯರ್ ಡ್ರಾಫ್ಟ್‌ನ ಮೊದಲ ಆಯ್ಕೆಯಾದರು. 262ನೆಯ ಆಯ್ಕೆಯಿಂದ ಮೊದಲನೆಯ ಆಯ್ಕೆಯವರೆಗೆ ಸ್ವಿಸ್ ಹಾಕಿ ನಡೆದ ದಾರಿಯಲ್ಲಿ ಈ ವ್ಯಕ್ತಿ ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ತೂಗಿ ನೋಡಲು ನಿಮಗೆ ಆ ಒಂದು ಜೂನ್ ತಿಂಗಳೇ ಸಾಕು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಮಾಂಟ್ರಿಯಲ್‌ಗೆ ಮರಳಿ ಎರಡೇ ಪಂದ್ಯ ಆಡಿದರು, ಒಪ್ಪಂದ ಮುಗಿಯಿತು, ನಿವೃತ್ತರಾದರು. ನಿಮ್ಮ ಲೇಖನದಲ್ಲಿ ಇದು ಇಲ್ಲವೇ ಇಲ್ಲ, ಸೇರಿಸಿ.

ತಿದ್ದಿದ ಬರಹ 1500 ಪದಗಳನ್ನು ಮೀರದಿರಲಿ. ಶೀರ್ಷಿಕೆಯಿಂದಲೂ ಒಳಗಿನಿಂದಲೂ ಹುಲಿ, ಸಿಂಹ, ಸರದಾರ ಮುಂತಾದ ವಿಶೇಷಣಗಳನ್ನು ತೆಗೆಯಿರಿ, ಅಂಕಿಅಂಶಗಳ ಕೋಷ್ಟಕವನ್ನು ಕೈಬಿಡಿ, 1999ರಿಂದ 2005ರವರೆಗಿನ ಕಾಲಕ್ಕೆ ಲೇಖನದ ಅರ್ಧದಷ್ಟು ಜಾಗ ಕೊಡಿ. ಹಾಗೆ ಬರೆದು ಕಳುಹಿಸಿದರೆ ಪ್ರಕಟಣೆಗೆ ಪರಿಗಣಿಸಲು ನಾನು ನಿಜವಾಗಿ ಬಯಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ